ಕುಂಕುಮದ ಭರಣಿಯಲ್ಲಿದ್ದ ಬೆಳ್ಳಿ ತಂತಿ

ಹೋದ ವಾರ ನವರಾತ್ರಿಗೆಂದು ದೇವರ ಗೂಡು ಸ್ವಚ್ಛಮಾಡುತ್ತಿದ್ದ ನನ್ನ ಹೆಂಡತಿ, ಅಮ್ಮನ ಕಾಲದ ಮರದ ಭರಣಿಯೊಂದನ್ನು ತಂದು ನನ್ನ ಮುಂದಿಟ್ಟಳು. ಮುಚ್ಚಳ ಬಿಗಿದುಕೊಂಡಿತ್ತು. "ಒಂದು ಕಾಲದಲ್ಲಿ ಇಟಲಿ ಎಂಜಿನ್ನೇ ಬಿಚ್ಚುತಿದ್ದೆ ಅಂತೀರಲ್ಲ, ಇದನ್ನ ಬಿಚ್ಚಿ ನೋಡೋಣ" ಎಂದಳು. ನಾನು ತಿಣುಕಿದೆ, ಆಗಲಿಲ್ಲ. ಕೊನೆಗೆ ಅವಳೇ ಸೆರಗು ಸುತ್ತಿ ತಿರುಗಿಸಿದಳು. ಒಣಗಿ ಗಟ್ಟಿಯಾದ ಕುಂಕುಮದ ವಾಸನೆ ಬಂತು. ಅದರ ನಡುವೆ ಒಂದು ತುಂಡು ತಂತಿ, ಕಿರುಬೆರಳಿನಷ್ಟು ಉದ್ದ, ಕಪ್ಪಗೆ. ಉಜ್ಜಿದರೆ ಬೆಳ್ಳಿ.

"ಇದೇನ್ರೀ, ಯಾವ ಒಡವೇದು?"

ಅದು ಒಡವೆಯದಲ್ಲ, ಮೋಟಾರ್ ಸೈಕಲ್ಲಿನದು ಎಂದೆ. ಅವಳು ನಂಬಲಿಲ್ಲ. ನೀವೂ ನಂಬಬೇಕಾಗಿಲ್ಲ. ನಾನು ಇತಿಹಾಸದ ಮೇಷ್ಟ್ರಾಗಿದ್ದವನು. ಯಾವುದನ್ನೂ ದಾಖಲೆ ಇಲ್ಲದೆ ನಂಬಬೇಡಿ ಎಂದು ಹುಡುಗರಿಗೆ ಹೇಳಿಕೊಂಡೇ ಸಂಬಳ ತೆಗೆದುಕೊಂಡೆ. ನನ್ನ ಹತ್ತಿರ ದಾಖಲೆಗಳೇನೋ ಇವೆ, ಕಾಲೇಜು ಸೇರಿದ ವರ್ಷದಿಂದ ಬರೆದಿಟ್ಟ ಡೈರಿಗಳು. ಆ ತಂತಿಯನ್ನು ಮೇಜಿನ ಮೇಲಿಟ್ಟುಕೊಂಡು ಅರವತ್ತರ ದಶಕದ ಮೊದಲ ವರ್ಷಗಳ ಎರಡು ಡೈರಿಗಳನ್ನು ತೆಗೆದೆ. ತೆಗೆಯದಿದ್ದರೇ ನೆಮ್ಮದಿಯಾಗಿರುತ್ತಿತ್ತೇನೋ.

ಆಗ ನಮ್ಮ ಜಯನಗರದಲ್ಲಿ ಮನೆಗಳಿಗಿಂತ ಮನೆ ಕಟ್ಟಲು ಗುರುತು ಮಾಡಿದ ಕಲ್ಲುಗಳೇ ಹೆಚ್ಚು. ಅಪ್ಪ ಇನ್ನೂ ಸರ್ವೀಸಿನಲ್ಲಿದ್ದರು, ಶಿವಮೊಗ್ಗದಲ್ಲಿ. ಹೊಸ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ನಮ್ಮೂರಿನ ಒಂದು ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಇಟಲಿಯ ಎಂಜಿನಿಯರೊಬ್ಬ ವಾಪಸು ಹೋಗುವಾಗ ತನ್ನ ಮೋಟಾರ್ ಸೈಕಲ್ಲನ್ನು ಮಾರುತ್ತಾನೆಂದು ಸ್ನೇಹಿತನೊಬ್ಬ ಹೇಳಿದ. ನೋಡಿ ಬರೋಣ ಎಂದು ಹೋದವನು ತಳ್ಳಿಕೊಂಡು ಬಂದೆ. ತಳ್ಳಿಕೊಂಡು ಏಕೆಂದರೆ, ನನಗೆ ಓಡಿಸಲು ಬರುತ್ತಿರಲಿಲ್ಲ.

ಅದನ್ನು ಮೊದಲ ಸಲ ನೋಡಿದಾಗ ನನಗಾದದ್ದನ್ನು ಡೈರಿಯಲ್ಲಿ ಮೂರು ಪುಟ ಬರೆದಿದ್ದೇನೆ. ಈಗ ಓದಿದರೆ ನಾಚಿಕೆಯಾಗುತ್ತದೆ. ಆದರೆ ಬೆರಗು ಸುಳ್ಳಲ್ಲ. ನಮ್ಮ ರಸ್ತೆಗಳಲ್ಲಿ ಆಗ ಓಡುತ್ತಿದ್ದ ಮೋಟಾರ್ ಸೈಕಲ್ಲುಗಳು ಎಮ್ಮೆಗಳ ಹಾಗೆ, ಗಂಭೀರ, ನಂಬಿಕಸ್ಥ. ಇದು ಜಿಂಕೆ. ಕೆಂಪು ಟ್ಯಾಂಕು, ಸವಾರ ಬಗ್ಗಿ ಮಲಗಿದರೆ ಗದ್ದಕ್ಕೂ ಮೊಣಕಾಲಿಗೂ ಜಾಗವಿರುವಂತೆ ತಗ್ಗು ಕೊಟ್ಟು ಬಡಿದದ್ದು. ಹ್ಯಾಂಡಲ್ ಟ್ಯಾಂಕಿಗಿಂತ ಕೆಳಗೆ. ಎಂಜಿನ್ನಿನ ಹಿಂದೆ ಕಾರ್ಬುರೇಟರ್. ಗಾಳಿಯನ್ನು ಸೋಸುವ ಡಬ್ಬಿಯಿಲ್ಲದೆ, ಪುಟ್ಟ ಕಹಳೆಯ ಹಾಗೆ ಬಾಯಿ ತೆರೆದುಕೊಂಡದ್ದು. ಪಕ್ಕದ ಮನೆಯ ರಾಯರು ಗಾಡಿಯ ಸುತ್ತ ಒಂದು ಸುತ್ತು ಬಂದು, "ಹಿಂದೆ ಕೂರೋಕೆ ಜಾಗಾನೇ ಇಲ್ವಲ್ಲ ಮೇಷ್ಟ್ರೇ, ಮದುವೆ ಗಿದುವೆ ಯೋಚನೆ ಬಿಟ್ಟುಬಿಟ್ರಾ?" ಎಂದರು.

ಓಡಿಸುವುದನ್ನು ಕಲಿತೆ. ಬಿದ್ದೆ, ಮತ್ತೆ ಕಲಿತೆ. ಗಾಡಿಯ ಜೊತೆ ಬಂದಿದ್ದ ಪುಸ್ತಕ ಇಟಾಲಿಯನ್ ಭಾಷೆಯಲ್ಲಿತ್ತು. ಚಿತ್ರ ನೋಡಿ, ಇಂಗ್ಲಿಷಿನಂತೆ ಕಂಡ ಪದಗಳನ್ನು ಊಹಿಸಿ, ಭಾನುವಾರಗಳನ್ನೆಲ್ಲ ಅಂಗಳದಲ್ಲಿ ಕಳೆದೆ. ಸರಪಳಿಗೆ ಎಣ್ಣೆ, ಪ್ಲಗ್ಗಿಗೆ ಮರಳು ಕಾಗದ, ಕವಾಟದ ಸಂದಿಗೆ ಪೋಸ್ಟ್ ಕಾರ್ಡಿನ ಅಳತೆ. ಅಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತ ನೋಡುತ್ತಿದ್ದಳು. ಒಂದು ಭಾನುವಾರ ಹತ್ತಿರ ಬಂದು ಆ ಕಹಳೆಯನ್ನು ತೋರಿಸಿ ಕೇಳಿದಳು.

"ಇದೇನೋ ಇದು, ಬಾಯಿ ಇದ್ದಂಗಿದೆ?"

"ಬಾಯಿ ಅಲ್ಲಮ್ಮ, ಮೂಗು. ಗಾಡಿ ಉಸಿರಾಡೋದು ಅಲ್ಲಿಂದಾನೇ. ಅದರ ಪ್ರಾಣ ಇರೋದೇ ಅಲ್ಲಿ."

ಹೀಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಡೈರಿಯಲ್ಲಿ ಇದು ಇಲ್ಲ.

ಆ ವರ್ಷದ ಆಯುಧಪೂಜೆಗೆ ಗಾಡಿ ತೊಳೆದು ನಿಲ್ಲಿಸಿದೆ. ಅಮ್ಮ ಸೇವಂತಿಗೆ ಹಾರ ಹಾಕಿದಳು, ಟ್ಯಾಂಕಿಗೆ, ದೀಪಕ್ಕೆ, ಚಕ್ರಗಳಿಗೆ ಅರಿಶಿನ ಕುಂಕುಮವಿಟ್ಟಳು. ಆಮೇಲೆ, ಪ್ರಾಣ ಇರುವ ಜಾಗಕ್ಕೆ ಇಡದೆ ಇರುವುದು ಹೇಗೆ? ಒಂದು ಚಿಟಿಕೆ ಕುಂಕುಮ ತೆಗೆದು ಕಹಳೆಯ ಒಳಗೇ ಹಾಕಿ ಕಣ್ಣಿಗೊತ್ತಿಕೊಂಡಳು. ನಾನು ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದೆ, ನೋಡಲಿಲ್ಲ. ಒದ್ದು ಚಾಲೂ ಮಾಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿಕೊಂಡು ಹೊರಟವನು ರಸ್ತೆಯ ತಿರುವಿನಲ್ಲಿ ನಿಂತುಹೋದೆ.

ಕಾರ್ಬುರೇಟರಿನ ಒಳಗೆ ಹಿತ್ತಾಳೆಯ ಒಂದು ಸಣ್ಣ ತಿರುಪು ಇರುತ್ತದೆ, ಜೆಟ್ ಎನ್ನುತ್ತಾರೆ. ಅದರ ನಡುವಿನ ತೂತಿನಿಂದಲೇ ಪೆಟ್ರೋಲು ಎಂಜಿನ್ನಿಗೆ ಹೋಗಬೇಕು. ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದು ಬಿಚ್ಚಿ ನೋಡಿದರೆ ತೂತಿನ ತುಂಬ ಕುಂಕುಮ, ಪೆಟ್ರೋಲಿನಲ್ಲಿ ಕಲಸಿ ಮೆತ್ತಿಕೊಂಡಿತ್ತು. ಸೈಕಲ್ ಪಂಪಿನಿಂದ ಗಾಳಿ ಹೊಡೆದಿದ್ದರೆ, ನಿಧಾನವಾಗಿ ನೆನೆಸಿದ್ದರೆ, ಹೋಗುತ್ತಿತ್ತು. ನನಗೆ ಅಷ್ಟು ಸಮಾಧಾನವೆಲ್ಲಿತ್ತು? ಒಳಗೆ ಹೋಗಿ ಅಮ್ಮನ ಹೊಲಿಗೆ ಡಬ್ಬಿಯಿಂದ ದಪ್ಪ ಸೂಜಿಯೊಂದನ್ನು ತಂದು ತೂತಿಗೆ ಹಾಕಿ ತಿರುಗಿಸಿದೆ. ಕುಂಕುಮ ಬಂತು. ಜೊತೆಗೆ ಹಿತ್ತಾಳೆಯ ಹೊಳೆಯುವ ಪುಡಿಯೂ ಬಂತು. ಸೂಜಿಯನ್ನು ಒರೆಸಿ ಡಬ್ಬಿಗೆ ಹಾಕಿದೆ.

ಆಮೇಲೆ ಎಂಜಿನ್ ಹೊತ್ತಿಕೊಂಡಿತು, ಆದರೆ ಕ್ಷಯದವನ ಹಾಗೆ ಕೆಮ್ಮುತ್ತ. ಹಿಂದೆ ಕಪ್ಪು ಹೊಗೆ. ತೂತು ದೊಡ್ಡದಾಗಿ ಪೆಟ್ರೋಲು ಅತಿಯಾಗಿ ನುಗ್ಗುತ್ತಿತ್ತು. ಅದು ನನಗೆ ಆಗಲೇ ಗೊತ್ತಾಯಿತೇ, ಆಮೇಲೆ ಗೊತ್ತಾಯಿತೇ? ಆಮೇಲೆ ಎಂದು ನಂಬಲು ನನಗೆ ತುಂಬ ಆಸೆ. ಡೈರಿ ಮಾತ್ರ ಒಂದೇ ಸಾಲು ಹೇಳುತ್ತದೆ: "ಅಮ್ಮ ಹಾಕಿದ ಕುಂಕುಮದಿಂದ ಎಂಜಿನ್ ಕೆಟ್ಟಿತು." ಅಮ್ಮನಿಗೂ ಅದನ್ನೇ ಹೇಳಿದೆ. ಬರೆದುದಕ್ಕಿಂತ ಒರಟಾಗಿ ಹೇಳಿದೆ. "ನಿನ್ನ ಪೂಜೆಯಿಂದಾನೇ ಅದರ ಪ್ರಾಣ ಹೋಯ್ತು" ಎಂದೆ.

ಊರಿನಲ್ಲಿ ಯಾವ ಅಂಗಡಿಯಲ್ಲೂ ಅಂಥ ಜೆಟ್ ಇರಲಿಲ್ಲ. ಸಿಗುತ್ತಿದ್ದವೆಲ್ಲ ಇಂಗ್ಲೆಂಡಿನವು, ಅವುಗಳ ತಿರುಪಿನ ಸುತ್ತೇ ಬೇರೆ. ಇಟಲಿಗೆ ಕಾಗದ ಬರೆದೆ, ಉತ್ತರವಿಲ್ಲ. ಗಾಡಿಯನ್ನು ಜಗಲಿಯ ಪಕ್ಕ ಹಳೆಯ ಜಮಖಾನ ಹೊದಿಸಿ ನಿಲ್ಲಿಸಿದೆ. ಅಮ್ಮ ಆ ಕಡೆ ಹೋಗುವುದನ್ನೇ ಬಿಟ್ಟಳು. ಜಗಲಿಯಲ್ಲಿ ಅಕ್ಕಿ ಆರಿಸುವುದನ್ನೂ ಬಿಟ್ಟಳು. ಜನವರಿ ಒಂದನೇ ತಾರೀಕು ಹೊಸ ಡೈರಿಯನ್ನು ಅವಳ ಮುಂದೆ ಹಿಡಿದೆ. ಪ್ರತಿ ವರ್ಷ ಮೊದಲ ಪುಟಕ್ಕೆ ಅವಳು ಕುಂಕುಮ ಇಟ್ಟುಕೊಟ್ಟ ಮೇಲೆಯೇ ನಾನು ಬರೆಯಲು ಶುರುಮಾಡುತ್ತಿದ್ದುದು.

"ನೀನೇ ಇಟ್ಕೋಪ್ಪ" ಎಂದಳು. "ನನ್ನ ಕೈ ಸರಿ ಇಲ್ಲ."

ಆಗ ಹೇಳಬಹುದಾಗಿತ್ತು. ಹೇಳಲಿಲ್ಲ. ಆ ಡೈರಿಯ ಮೊದಲ ಪುಟ ಈಗಲೂ ಖಾಲಿ ಇದೆ.

ಅದಾದ ಮೇಲೆ ಒಂದು ದಿನ ಅಮ್ಮ ಮೂಗುಬಟ್ಟಿನ ತಿರುಪು ಸಡಿಲವಾಯಿತೆಂದು ಶ್ರೀನಗರದ ವೀರಾಚಾರ್ರ ಹತ್ತಿರ ಹೋಗಿದ್ದಳು. ಅವರು ಅಕ್ಕಸಾಲಿಗರು, ಹನುಮಂತನಗರದ ಇಳಿಜಾರಿನಾಚೆ ಒಂದು ಹೆಂಚಿನ ಮನೆ. ಬಂದವಳೇ, "ಕಣ್ಣಿಗೆ ಕಾಣದಂಥ ತೂತು ಕೊರೀತಾರೆ ಕಣೋ ಅವರು. ಆ ಹಿತ್ತಾಳೆ ತಿರುಪು ತಗೊಂಡು ನಡಿ" ಎಂದಳು. ಒಡವೆ ಮಾಡುವವರಿಗೆ ಎಂಜಿನ್ನಿನ ಗಂಧವೇನು ಎಂದುಕೊಳ್ಳುತ್ತಲೇ ಅವಳ ಹಿಂದೆ ಹೋದೆ. ಎಂ.ಎ. ಮಾಡಿದವನ ಅಹಂಕಾರ.

ವೀರಾಚಾರ್ರು ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಜೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಏನಾಯ್ತು ಅಂದ್ರಿ ಅಮ್ಮಾವ್ರೆ?"

"ನಾನು ಕುಂಕುಮ ಹಾಕ್ದೆ ಆಚಾರ್ರೇ. ತೂತು ಹಾಳಾಯ್ತು."

ಅವರು ಜೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕುಂಕುಮ ತೂತು ಮುಚ್ಚುತ್ತೆ, ದೊಡ್ಡದು ಮಾಡಲ್ಲ. ಇದು ಕೋಳಿಮೊಟ್ಟೆ ಆಕಾರ ಆಗಿದೆ. ಇದಕ್ಕೆ ಸೂಜಿ ಹಾಕಿದೋರು ಯಾರು ಸ್ವಾಮಿ?"

ನಾನು ಬಾಯಿ ತೆರೆದೆ. ತೆರೆದೆನೆಂದು ನೆನಪು. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಕೋಪವಿರಲಿಲ್ಲ, ತುಂಬ ದಿನದಿಂದ ಹೊತ್ತ ಬಿಂದಿಗೆಯನ್ನು ಕೆಳಗಿಟ್ಟವರ ಮುಖ. ಆಮೇಲೆ ಆಚಾರ್ರ ಕಡೆ ತಿರುಗಿ, "ಸೂಜಿ ನಮ್ಮನೇದೇ ಆಚಾರ್ರೇ" ಎಂದಳು.

ಆಚಾರ್ರು ಇಬ್ಬರನ್ನೂ ನೋಡಿ ಮೀಸೆಯೊಳಗೆ ನಕ್ಕರು.

ಆಮೇಲೆ ನಡೆದುದನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ನೆನೆದಿದ್ದೇನೋ. ಸೂಜಿ ಅಡ್ಡಗಲಕ್ಕೆ ಕೊರೆದಿತ್ತು. ಇನ್ನೊಂದು ದಿಕ್ಕಿನಲ್ಲಿ ಹಳೆಯ ಅಂಚು ಉಳಿದಿತ್ತು. ಅದನ್ನು ಅವರು ಗಾಜಿನಲ್ಲಿ ಹುಡುಕಿದರು. ಬೆಳ್ಳಿಯ ತಂತಿಯೊಂದನ್ನು ತೂತುಗಳ ಸಾಲಿರುವ ಉಕ್ಕಿನ ಪಟ್ಟಿಯ ಮೂಲಕ ಎಳೆದರು, ಇನ್ನೂ ಸಣ್ಣ ತೂತಿನಲ್ಲಿ ಮತ್ತೆ ಎಳೆದರು. ಪ್ರತಿ ಸಲವೂ ಜೆಟ್ಟಿಗೆ ಹಾಕಿ ನೋಡುವುದು, ತಲೆಯಾಡಿಸುವುದು. ತಂತಿ ಆ ಎರಡು ಹಳೆಯ ಅಂಚುಗಳ ನಡುವೆ ಅಲುಗದೆ ನಿಂತಾಗ, "ನಿಮ್ಮ ಇಟಲಿಯೋನ ಅಳತೆ ಇಷ್ಟೇ ನೋಡಿ" ಎಂದರು. ಕೆಟ್ಟ ತೂತಿಗೆ ಬೆಳ್ಳಿಯ ಬೆಸುಗೆ ತುಂಬಿ ಮುಚ್ಚಿದರು. ಊದುಗೊಳವೆಯಿಂದ ಊದುವಾಗ ಅವರ ಕೆನ್ನೆ ಉಬ್ಬಿದ್ದು, ಉರಿ ಒಂದಿಷ್ಟೂ ನಡುಗದೆ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಮತ್ತೆ ಬಿಲ್ಲಿನಿಂದ ತಿರುಗಿಸುವ ಕೂದಲಿನಂಥ ಬೈರಿಗೆ. ಬಿಲ್ಲು ಹೋಗುತ್ತ ಬರುತ್ತ ಇತ್ತು, ಅವರ ಉಸಿರು ಮಾತ್ರ ಕೇಳುತ್ತಿರಲಿಲ್ಲ. ಹಿತ್ತಾಳೆಯ ನಡುವೆ ಬೆಳ್ಳಿಯ ಚುಕ್ಕಿ, ಚುಕ್ಕಿಯ ನಡುವೆ ತೂತು. ಗಾಜಿನಲ್ಲಿ ನೋಡಿದೆ. ಅಷ್ಟು ದುಂಡಗಿನದನ್ನು ಅದುವರೆಗೆ ನೋಡಿರಲಿಲ್ಲ. ಕಡಲಾಚೆಯ ಯಾವುದೋ ಕಾರ್ಖಾನೆಯ ಯಂತ್ರ ಮಾಡಿದ್ದನ್ನು, ಮಿಲಿಮೀಟರ್ ಎಂದರೇನೆಂದು ಕೇಳಿಯೇ ಇರದ ಮನುಷ್ಯ ಚಾಪೆಯ ಮೇಲೆ ಕೂತು ಮಾಡಿದ್ದರು.

ಅಳತೆಯ ತಂತಿಯನ್ನು ಕತ್ತರಿಸಿ ಅಮ್ಮನ ಕೈಗೆ ಕೊಟ್ಟರು. "ಇಟ್ಕೊಂಡಿರಿ ಅಮ್ಮಾವ್ರೆ. ಮತ್ತೆ ಯಾರಾದ್ರೂ ಸೂಜಿ ಹಾಕಿದ್ರೆ ಬೇಕಾಗುತ್ತೆ."

ಮನೆಗೆ ಬಂದು ಜೆಟ್ ಕೂರಿಸಿ ಒದ್ದೆ. ಎರಡನೆಯ ಒದೆತಕ್ಕೆ ಎದ್ದಿತು. ಅಮ್ಮ ಜಗಲಿಗೆ ಬಂದು ಕಿವಿಗೊಟ್ಟಳು. "ಕೆಮ್ಮು ಹೋಯ್ತು ಕಣೋ" ಎಂದಳು. ಉತ್ತರಹಳ್ಳಿಯವರೆಗೂ ಹೋದೆ. ಎರಡೂ ಕಡೆ ರಾಗಿ ಕೊಯ್ದ ಹೊಲ, ಮಣ್ಣಿನ ರಸ್ತೆ, ಗದ್ದದ ಕೆಳಗೆ ಬಿಸಿಯಾದ ಕೆಂಪು ಟ್ಯಾಂಕು. ಮೊಣಕಾಲಿನ ಪಕ್ಕ ಆ ಕಹಳೆ ಗಾಳಿಯನ್ನು ಹೀರುವ ಸದ್ದು ಕೇಳುತ್ತಿತ್ತು. ಅಮ್ಮನಿಗೆ ನಾನು ಹೇಳಿದ್ದೇ ಸರಿ, ಅದು ಉಸಿರೇ.

ವಾಪಸು ಬಂದಾಗ ಅಮ್ಮ ಭರಣಿ ಹಿಡಿದು ಕೂತಿದ್ದಳು. "ಎಲ್ಲೋ ನಿನ್ನ ಡೈರಿ, ಕೊಡು" ಎಂದಳು. ಆ ದಿನದ ಪುಟ ತೆರೆದು ಕುಂಕುಮವಿಟ್ಟಳು. ಸೂಜಿಯ ಮಾತು ಅಂದು ಬರಲಿಲ್ಲ, ಅವಳು ಇದ್ದಷ್ಟು ಕಾಲವೂ ಬರಲಿಲ್ಲ. ನಾನೂ ಎತ್ತಲಿಲ್ಲ. ಮುಂದಿನ ಆಯುಧಪೂಜೆಗೆ ಅವಳು ಮೊದಲು ಮಾಡಿದ ಕೆಲಸ ಕಹಳೆಯ ಬಾಯಿಗೆ ಮಡಿಬಟ್ಟೆ ಕಟ್ಟಿದ್ದು. ಹೊಲಿಗೆ ಡಬ್ಬಿ ನನ್ನ ಕೈಗೆ ಸಿಗದ ಅಟ್ಟಕ್ಕೆ ಹೋಗಿತ್ತು.

ಗಾಡಿಯನ್ನು ಮದುವೆಗೆ ಮುಂಚೆ ಮಾರಿದೆ. ಹಿಂದೆ ಕೂರಲು ಜಾಗವಿಲ್ಲವೆಂದ ರಾಯರ ಮಾತು ನಿಜವಾಯಿತು.

ಈಗ ಎರಡು ಡೈರಿಗಳೂ ಮೇಜಿನ ಮೇಲಿವೆ. ನಾಳೆ ಯಾರಾದರೂ ಓದಿದರೆ, ತಾಯಿಯ ಮೂಢಭಕ್ತಿಯಿಂದ ಒಂದು ಒಳ್ಳೆಯ ಯಂತ್ರ ಕೆಟ್ಟಿತೆಂದು ಬರೆದುಕೊಂಡು ಹೋಗುತ್ತಾರೆ. ದಾಖಲೆ ನನ್ನದೇ ಕೈಬರಹದಲ್ಲಿದೆ. ಪೆನ್ನು ತೆಗೆದು ಆ ಆಯುಧಪೂಜೆಯ ಸಾಲಿನ ಕೆಳಗೆ "ಸೂಜಿ ಹಾಕಿದ್ದು ನಾನು" ಎಂದು ಬರೆದೆ. ಹೆಂಡತಿ ಹೆಗಲ ಮೇಲಿನಿಂದ ಓದಿ, "ಯಾವ ಸೂಜಿ?" ಎಂದಳು. ಹೇಳಿದೆ, ಮೊದಲಿನಿಂದ. ಕೇಳಿ ಮುಗಿದ ಮೇಲೆ ಅವಳು ಭರಣಿಯನ್ನು ನನ್ನ ಕಡೆ ಸರಿಸಿದಳು.

ಉಂಗುರದ ಬೆರಳನ್ನು ಒದ್ದೆಮಾಡಿ ಕುಂಕುಮಕ್ಕೆ ಒತ್ತಿ ಆ ಸಾಲಿನ ಪಕ್ಕ ಒಂದು ಬೊಟ್ಟು ಇಟ್ಟೆ. ಇನ್ನೊಂದು ಡೈರಿಯಲ್ಲಿ ಅಮ್ಮ ಅಂದು ಇಟ್ಟದ್ದು ಇನ್ನೂ ದುಂಡಗಿದೆ. ನನ್ನದು ಕೋಳಿಮೊಟ್ಟೆಯಾಯಿತು.