ಜಡೆ ಸೇರಿದ ಬಿಳಿ ಹೂ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ಹುಡುಗಿ ನಾನೊಬ್ಬಳೇ. ಕುಶಾಲನಗರದ ಹತ್ತಿರ ರಾಗಿ ಹೊಲದ ನಡುವೆ ಬೆಳೆದವಳು, ಬೆಟ್ಟವನ್ನು ದೂರದಿಂದ ನೋಡಿದ್ದೆ, ಅಷ್ಟೇ. ತರಗತಿಯವರನ್ನೆಲ್ಲ ಪುಷ್ಪಗಿರಿ ಬೆಟ್ಟಕ್ಕೆ ಕರೆದೊಯ್ಯುತ್ತೇನೆಂದು ನಮ್ಮ ಮೇಷ್ಟ್ರು ಹೇಳಿದ ದಿನದಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಮೇಷ್ಟ್ರಿಗೆ ಬೇಕಾಗಿದ್ದದ್ದು ಒಂದೇ ಒಂದು ಹೂ. ತುದಿಯ ಹುಲ್ಲುಗಾವಲಿನಲ್ಲಿ ನೆಲದಿಂದಲೇ ಏಳುವ ಒಂದು ಜಾತಿಯ ಸೀತಾಳೆ, ಎಂದರೆ ಆರ್ಕಿಡ್. ಮೂರು ಮಳೆಗಾಲ ಅಲೆದಿದ್ದರು, ಎಲೆ ಮಾತ್ರ ಸಿಕ್ಕಿತ್ತು. ಹೂವಿಲ್ಲದೆ ಗಿಡ ಯಾವುದೆಂದು ಖಚಿತವಾಗಿ ಹೇಳುವಂತಿಲ್ಲ. ಅಷ್ಟರಲ್ಲಿ ವರ್ಗಾವಣೆಯ ಆದೇಶವೂ ಬಂದಿತ್ತು. ಇದೇ ಕೊನೆಯ ಸಲ.

ಬೆಟ್ಟದಡಿಯ ಊರಿನ ರೈತರೊಬ್ಬರು ದಾರಿ ತೋರಿಸಿದರು. ಕಾಡೊಳಗೆ ಜಿಗಣೆಗಳು ಕಾಲಿಗೆ ಮುತ್ತಿದವು. ಪಾಚಿ ಹಿಡಿದ ಮರಗಳ ಮೇಲೆ ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿದು ಹಾರಿದಾಗ ನಾನು ಕಿರುಚಿಯೇಬಿಟ್ಟೆ! ಕಾಡು ಮುಗಿದು ಹುಲ್ಲು ಶುರುವಾದಲ್ಲಿ ಕಡವೆಯೊಂದು ನಮ್ಮನ್ನು ದಿಟ್ಟಿಸಿ, ಝರಿ ದಾಟಿ ನೆಗೆಯಿತು. ಎಂಥ ಗಾಳಿ, ಎಂಥ ಬೆಳಕು!

ತುದಿ ಮುಟ್ಟಿದರೂ ಹೂ ಸಿಗಲಿಲ್ಲ. ಮೇಷ್ಟ್ರು ಬಂಡೆಯ ಮೇಲೆ ಕುಸಿದು, "ಈ ಸಲವೂ ಇಲ್ಲ ಕಣ್ರಯ್ಯಾ" ಎಂದರು. ದಾರಿ ತೋರಿಸಿದವರಿಗೆ ನಗು ತಡೆಯಲಾಗಲಿಲ್ಲ.

"ಅದ್ ಈ ಗೂಡೆನ ತಲೆಲೇ ಉಟ್ಟಲ್ಲ ಸಾರ್!"

ಅವರ ಅರೆಭಾಷೆಯಲ್ಲಿ ಗೂಡೆ ಎಂದರೆ ಹುಡುಗಿ; ಎಲ್ಲರೂ ನನ್ನ ತಲೆಯನ್ನೇ ನೋಡಿದರು. ಕೈ ಜಡೆಗೆ ಹೋಯಿತು. ಹತ್ತುವಾಗ ಹುಲ್ಲಿನಲ್ಲಿ ಕಂಡ ಬಿಳಿ ಹೂಗೊಂಚಲನ್ನು ಕಿತ್ತು ಮುಡಿದಿದ್ದೆ. ಕಂಡ ಹೂವನ್ನು ಮುಡಿಯದೆ ಬಿಡುವ ಹೆಣ್ಣು ನಮ್ಮ ಕಡೆ ಹುಟ್ಟಿಲ್ಲ. ಮೇಲಾಗಿ, ಮೇಷ್ಟ್ರು ಅಷ್ಟು ಹಂಬಲಿಸಿದ ಹೂ ತಾವರೆಯಷ್ಟಾದರೂ ಇರಬೇಕೆಂದುಕೊಂಡಿದ್ದೆ.

"ಎಲ್ಲಿ ಕಿತ್ತೆಯಮ್ಮಾ?" ಮೇಷ್ಟ್ರು ಬಂಡೆಯಿಂದ ಎದ್ದು ಬಂದರು.

ನಾಚಿಕೆಯಿಂದ ಸಾಯುವಂತಾಯಿತು. ಎಲ್ಲಿ ನೋಡಿದರೂ ಹುಲ್ಲೇ ಹುಲ್ಲು. ಆಮೇಲೆ ಕಡವೆ ನೆನಪಾಯಿತು; ಅದು ದಾಟಿದ ಝರಿಯ ಹತ್ತಿರವೇ ನಾನು ಹೂ ಕಿತ್ತದ್ದು. ಇಳಿಜಾರಿನಲ್ಲಿ ಬಿದ್ದೆದ್ದು ಓಡಿದೆ. ಝರಿಯ ಪಕ್ಕ, ಒದ್ದೆ ಮಣ್ಣಿನಲ್ಲಿ ಅದರ ಗೊರಸಿನ ಗುರುತು. ಎರಡು ಮಾರು ಆಚೆ ನಾನು ಮುರಿದ ದಂಟು. ಅದರ ಬದಿಯಲ್ಲಿ ಇನ್ನೆರಡು ಗಿಡ, ಮೊಗ್ಗು ಬಿರಿಯುವ ಹಂತದಲ್ಲಿ!

"ಸಿಕ್ತು ಸಾರ್!" ನನ್ನ ಕೂಗಿಗೆ ಬೆಟ್ಟವೇ ಓಗೊಟ್ಟಿತು.

ಮೇಷ್ಟ್ರು ಮೊಣಕಾಲೂರಿ ಬಹಳ ಹೊತ್ತು ನೋಡಿದರು. ಗಿಡಗಳನ್ನು ಮುಟ್ಟಲಿಲ್ಲ. "ಇವು ಇಲ್ಲೇ ಇರಲಿ. ನಿನ್ನದನ್ನು ಕೊಡು" ಎಂದರು. ಕೊಬ್ಬರಿ ಎಣ್ಣೆ ಮೆತ್ತಿದ ಹೂವನ್ನು ಕಾಗದದ ನಡುವೆ ಇಟ್ಟು, ಚೀಟಿ ಬರೆಯಲು ಪೆನ್ನನ್ನು ನನ್ನ ಕೈಗೇ ಕೊಟ್ಟರು. 'ಸಂಗ್ರಹಿಸಿದವರು' ಎಂಬಲ್ಲಿ ನಾನು ಅವರ ಹೆಸರು ಬರೆಯಹೊರಟೆ.

"ನಾನು ಮೂರು ವರ್ಷ ಹುಡುಕಿದವನು, ಅಷ್ಟೇ. ನಿನ್ನ ಹೆಸರು ಬರಿ" ಎಂದರು.