ರಮಜಾನನ ಅಂಕಿ, ನಾಗನಾಥನ ಅಂಕಿ

ಸಂಖ ಊರಿನ ಪೇಂಟರ್ ರಮಜಾನನಿಗೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆಯುತ್ತಿತ್ತು, ಅಂಕಿ ಚೆನ್ನಾಗಿಲ್ಲ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಟ್ರಕ್ಕಿನ ನಂಬರು, ಮನೆ ನಂಬರು, ಶಾಲೆಯ ಕೋಣೆ ನಂಬರು ಎಂದು ಇಪ್ಪತ್ತು ವರ್ಷ ಬರೆದ ಕೈ ಅದು. ಅವನ ಎರಡಕ್ಕೆ ಸುರುಳಿ, ಏಳಕ್ಕೆ ನಡುಪಟ್ಟಿ, ಒಂಬತ್ತಕ್ಕೆ ಉದ್ದ ಬಾಲ. ಹತ್ತಿರದ ಮಾಡಗ್ಯಾಳದ ನಾಗನಾಥನೂ ಪೇಂಟರನೇ. ಆದರೆ ಅವನದೇನು ಬರಹ! ಕಡ್ಡಿ ಮುರಿದು ಜೋಡಿಸಿದ ಹಾಗೆ. "ಅಂವಾನೂ ಒಬ್ಬ ಪೇಂಟರ್ ಏನ್ರಿ?" ಎಂದು ರಮಜಾನ ಗಿರಾಕಿಗಳ ಮುಂದೆಯೇ ಮೂಗು ಮುರಿಯುತ್ತಿದ್ದ.

ಎರಡು ಸಾವಿರದ ಐದರ ಬೇಸಿಗೆ ರಜೆಗೆ ಮಗಳು ಮಲೀಕಾ ಸಾಂಗಲಿಯ ಇಂಜಿನಿಯರಿಂಗ್ ಕಾಲೇಜಿನಿಂದ ಬಂದಳು. ಕೈಯಲ್ಲಿ ಬಿಳಿ ಕಾಗದದ ಕಟ್ಟು.

"ಅಬ್ಬಾ, ಕೈಲೆ ಬರದ ಅಂಕಿ ಓದೂ ನ್ಯೂರಲ್ ನೆಟ್‌ವರ್ಕ್ ಮಾಡಾಕತ್ತೀನ್ರಿ. ಸೊನ್ನಿಯಿಂದ ಒಂಬತ್ತರ ತನಕ ನೂರ್ನೂರು ಸಲ ಬರದ ಕೊಡ್ರಿ."

"ಸಾವಿರ ಅಂಕಿ? ನಾ ಏನ್ ಒಂದನೇ ಕ್ಲಾಸಿನ ಹುಡುಗ ಏನ? ಬ್ಯಾರೆ ಯಾರನ್ನರೆ ಹಿಡಿ, ಹೋಗ."

ಅವಳು ನಾಗನಾಥನನ್ನು ಹಿಡಿದಳು. ಪುಣ್ಯಾತ್ಮ ಮೂರು ದಿನ ಕುಳಿತು ಬರೆದುಕೊಟ್ಟ.

ದೀಪಾವಳಿ ರಜೆಯಲ್ಲಿ ಜತ್ತಿನ ಕಂಪ್ಯೂಟರ್ ಕ್ಲಾಸಿನಲ್ಲಿ ಮಲೀಕಾ ಇಬ್ಬರನ್ನೂ ಕೂರಿಸಿಕೊಂಡು ತೋರಿಸಿದಳು. ಪ್ರತಿ ಅಂಕಿಯನ್ನೂ ಸಣ್ಣ ಚೌಕಗಳಾಗಿ ಒಡೆದು, ಯಾವ ಚೌಕ ಕಪ್ಪು, ಯಾವುದು ಬಿಳಿ ಎಂದು ಯಂತ್ರಕ್ಕೆ ಕೊಡುವುದಂತೆ. ಅದು ತಪ್ಪು ಹೇಳಿದಾಗಲೆಲ್ಲ ಒಳಗಿನ ಲೆಕ್ಕವನ್ನು ಚೂರುಚೂರೇ ತಿದ್ದಿಕೊಳ್ಳುವುದಂತೆ. ಹೀಗೆ ಸಾವಿರಾರು ಸಲ ತಿದ್ದಿಕೊಂಡ ಮೇಲೆ ಗುರುತು ಹತ್ತಿತಂತೆ.

ನಾಗನಾಥ ಅಲ್ಲೇ ಬರೆದುಕೊಟ್ಟ ಹತ್ತೂ ಅಂಕಿಗಳನ್ನು ಯಂತ್ರ ಸರಿಯಾಗಿ ಓದಿತು. ರಮಜಾನನ ಎರಡನ್ನು ಎಂಟು ಎಂದಿತು, ಏಳನ್ನು ನಾಲ್ಕು ಎಂದಿತು. ಹತ್ತರಲ್ಲಿ ಸರಿ ಬಂದದ್ದು ಮೂರೇ.

"ಇದಕ್ಕ ಕಣ್ಣ ಇಲ್ಲ ಬಿಡ!"

"ಹಂಗಲ್ರಿ ಅಬ್ಬಾ. ಅದು ನಾಗನಾಥ ಕಾಕಾಂದು ನೋಡೇ ಕಲ್ತೈತಿ. ನಿಮ್ಮದು ಅದಕ್ಕ ಗುರ್ತಿಲ್ಲ."

ರಮಜಾನ ಸಿಟ್ಟಿನಿಂದ ಕುರ್ಚಿ ಹಿಂದೆ ನೂಕಿದ. ಹೆತ್ತ ಮಗಳು ಕಟ್ಟಿದ ಯಂತ್ರ, ಅದಕ್ಕೆ ಕಂಡವನ ಕೈ ಗೊತ್ತು, ಅಪ್ಪನದು ಗೊತ್ತಿಲ್ಲ! ನಾಗನಾಥ ಬೀಗಿದ್ದರಾದರೂ ಬೈಯಬಹುದಿತ್ತು. ಆ ಮನುಷ್ಯ ಸಂಕೋಚದಿಂದ ತಲೆ ಕೆರೆದುಕೊಳ್ಳುತ್ತ ನಿಂತಿದ್ದ, ಅದು ಇನ್ನೂ ಉರಿಸಿತು.

"ನಾಳೆ ಮತ್ತೊಂದು ಸಲ ಬರಕೊಂಡ ಬರ್ರಿ," ಎಂದಳು ಮಲೀಕಾ.

ಮರುದಿನ ರಮಜಾನ ಅಂಗಡಿಯ ಬಾಗಿಲು ಹಾಕಿಕೊಂಡು ಕುಳಿತ. ಸುರುಳಿ ಬಿಟ್ಟ, ನಡುಪಟ್ಟಿ ಬಿಟ್ಟ, ಬಾಲ ಕತ್ತರಿಸಿದ. ಕೈ ಹಟ ಮಾಡಿತು. ನಾಲ್ಕು ಕಾಗದ ಕೆಟ್ಟು ಐದನೆಯದರಲ್ಲಿ ಅಂಕಿಗಳು ಅವನಿಗೆ ಬೇಕಾದಂತೆ, ಕಡ್ಡಿ ಮುರಿದು ಜೋಡಿಸಿದ ಹಾಗೆ, ಬಂದವು. ಜತ್ತಿಗೆ ಹೋಗಿ ಮಗಳ ಕೈಗಿತ್ತ.

ಯಂತ್ರ ಹತ್ತಕ್ಕೆ ಹತ್ತೂ ಓದಿತು. ರಮಜಾನನ ಮುಖ ಅರಳಿತು, ಕುರ್ಚಿಯಿಂದ ಅರ್ಧ ಎದ್ದೇಬಿಟ್ಟ. ಮಲೀಕಾ ಕಾಗದ ನೋಡಿ ನಕ್ಕಳು.

"ಮಸ್ಕಿರಿ ಮಾಡ್ತೀರೇನ್ರಿ? ಇದು ನಾಗನಾಥ ಕಾಕಾ ಬರದದ್ದು! ನಿಮ್ಮ ಎರಡು ನನಗ ಗುರ್ತಿಲ್ಲೇನ? ನಿಮ್ಮ ಅಂಕಿನೂ ಇದಕ್ಕ ಕಲಿಸಬೇಕಂತ ಬರಕೊಂಡ ಬರ್ರಿ ಅಂದಿದ್ದೆ."

ರಮಜಾನ ಮೆಲ್ಲಗೆ ಮತ್ತೆ ಕುರ್ಚಿಯಲ್ಲಿ ಕುಳಿತ. ಇಪ್ಪತ್ತು ವರ್ಷ ನಾಗನಾಥನ ಕೈಯನ್ನು ಹೀಯಾಳಿಸಿದ ಬಾಯಿ, "ಹೌದು ಬೇಟಾ, ಅವಂದ. ಚಲೋ ಬರದಾನ," ಎಂದಿತು.