ಕೊನೆಯ ಬೆಂಚಿನ ಪೆನ್ಸಿಲ್

ಮೂರನೇ ತರಗತಿಯ ಟೀಚರಿಗೆ ಶಾಲೆಯಲ್ಲಿ ಇಟ್ಟಿದ್ದ ಹೆಸರು ಗಂಟೆ ಟೀಚರ್. ಅವರು ಬಾಯಿ ತೆರೆದರೆ ಬೀದಿಯ ಆ ತುದಿಯ ಕ್ಷೌರದಂಗಡಿಯಲ್ಲೂ ಪಾಠ ಶುರುವಾಗುತ್ತದೆ ಎಂದು ಜನ ನಗುತ್ತಿದ್ದರು. ಹತ್ತೊಂಬತ್ತು ವರ್ಷ ಅದೇ ಗಂಟಲಿನಲ್ಲಿ ಅವರು ಒಂದೊಂದೇ ಸಾಲು ಓದಿದ್ದರು, ಮಕ್ಕಳು ಅದನ್ನೇ ಒಕ್ಕೊರಲಿನಿಂದ ಹಿಂದಿರುಗಿಸಿದ್ದರು. ಬೆಂಚಿಗೊಂದು ಗಟ್ಟಿ ಗಂಟಲಿನ ಮಗುವನ್ನು ಕೂರಿಸುವುದು ಅವರದೇ ಉಪಾಯ. ಉಳಿದವರು ಅದರ ಬೆನ್ನು ಹಿಡಿದು ಬಂದುಬಿಡುತ್ತಾರೆ ಎಂಬ ನಂಬಿಕೆ. ವರ್ಷದ ಕೊನೆಗೆ 'ಓದು ಬರುತ್ತದೆ' ಎಂಬ ಪಟ್ಟಿಯಲ್ಲಿ ಎಲ್ಲ ಹೆಸರಿನ ಮುಂದೆಯೂ ಸರಿ ಗುರುತು.

ಆ ವರ್ಷ ಮೇಲಿನ ಕಚೇರಿಯಿಂದ ಆದೇಶ ಬಂತು. ಪ್ರತಿ ಗುರುವಾರ ಒಬ್ಬ ಶಿಕ್ಷಕರು ಇನ್ನೊಬ್ಬರ ತರಗತಿಯಲ್ಲಿ ಕೂತು ನೋಡಬೇಕು, ಕಂಡದ್ದನ್ನು ಬರೆಯಬೇಕು, ಇಬ್ಬರೂ ವೃತ್ತಿಯಲ್ಲಿ ಬೆಳೆಯಬೇಕು. ಬೆಳೆಯುವುದಕ್ಕೂ ಒಂದು ನಮೂನೆ ಅಚ್ಚು ಹಾಕಿಸಿ ಕಳಿಸಿದ್ದರು. ಸುಳ್ಳು ಬರೆಯುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ, ಖಾಲಿ ಜಾಗ ಬಿಟ್ಟ ಕಾಗದವೊಂದನ್ನು ಕೈಗೆ ಕೊಟ್ಟರೆ ಸಾಕು. ಶಿಕ್ಷಕರೆಲ್ಲ ಟೀ ಕುಡಿಯುತ್ತ 'ಪಾಠ ಪರಿಣಾಮಕಾರಿಯಾಗಿತ್ತು' ಎಂದು ಒಬ್ಬರಿಗೊಬ್ಬರು ಬರೆದುಕೊಂಡು ಸಹಿ ಹಾಕಿದರು.

ಗಂಟೆ ಟೀಚರಿಗೆ ಜೋಡಿಯಾದವರು ನಾಲ್ಕನೇ ತರಗತಿಯ ಲೆಕ್ಕದ ಮೇಷ್ಟ್ರು. ಆ ಮನುಷ್ಯ ನಿಜವಾಗಿಯೂ ಬಂದುಬಿಟ್ಟರು! ಕೊನೆಯ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ನೋಟ್‌ಬುಕ್ಕೊಂದನ್ನು ಬಿಚ್ಚಿದರು. ಮಕ್ಕಳು ಒಕ್ಕೊರಲಿನಲ್ಲಿ ಓದತೊಡಗಿದಾಗ ಅವರ ಪೆನ್ಸಿಲ್ ಸುಮ್ಮನಿರುತ್ತಿತ್ತು. ದನಿಗಳು ನಿಂತು ಯಾರಾದರೂ ಒಬ್ಬರೇ ಏನಾದರೂ ಅಂದರೆ ಟಕ್ಕನೆ ಒಂದು ಗೀಟು.

"ಮೇಷ್ಟ್ರೇ, ನಮೂನೆ ನಾನೇ ತುಂಬಿದೀನಿ. ಒಂದು ಸಹಿ ಹಾಕಿಬಿಡಿ."

"ಇನ್ನೊಂದೆರಡು ವಾರ ನೋಡ್ತೀನಿ ಟೀಚರೇ."

"ಏನ್ರೀ ನೋಡೋಕಿದೆ? ನಾನೇನು ಸಿನಿಮಾನಾ?"

ಮೇಷ್ಟ್ರು ನಕ್ಕರು. ಆ ನಗುವೇ ಟೀಚರ ಎದೆಯಲ್ಲಿ ಮುಳ್ಳಾಗಿ ಕೂತಿತು. ಮುಖ್ಯೋಪಾಧ್ಯಾಯರು ಬೇಸಿಗೆಯಲ್ಲಿ ನಿವೃತ್ತರಾಗುತ್ತಾರೆ, ಆ ಕುರ್ಚಿಗೆ ಇರುವುದು ಇವರಿಬ್ಬರೇ. ಇವನು ನನ್ನ ತಪ್ಪುಗಳನ್ನು ಗಂಟು ಕಟ್ಟುತ್ತಿದ್ದಾನೆ, ಇನ್ನೇನು? ಅಂದಿನಿಂದ ಟೀಚರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಮೇಷ್ಟ್ರು ಮುಖ್ಯೋಪಾಧ್ಯಾಯರ ಕೋಣೆಗೆ ಹೋದರೆ ಬಾಗಿಲ ಬಳಿ ಸೀಮೆಸುಣ್ಣ ಹುಡುಕಿದರು. ಗುರುವಾರಗಳಂದು ದನಿಯನ್ನು ಇನ್ನಷ್ಟು ಏರಿಸಿದರು.

ಬಸ್ ಕಂಡಕ್ಟರ್ ಆಗಿದ್ದ ಗಂಡ ಊಟದ ತಟ್ಟೆಯ ಮುಂದೆ ಇದನ್ನೆಲ್ಲ ಕೇಳಿ ಕೇಳಿ ಬೇಸತ್ತರು. "ಅನುಮಾನ ಪಡೋಕೆ ನನಗೆ ಸಂಬಳ ಕೊಡ್ತಾರೆ. ನೀನ್ಯಾಕೆ ಬಿಟ್ಟಿ ಮಾಡ್ತೀಯಾ?"

"ನಿಮಗೇನ್ರೀ ಗೊತ್ತು ಆ ಮನುಷ್ಯನ ವಿಷಯ!"

"ಆ ಮನುಷ್ಯನ ವಿಷಯ ಗೊತ್ತಿಲ್ಲಪ್ಪ. ತುಂಬಿದ ಬಸ್ಸಲ್ಲಿ ಟಿಕೆಟ್ ಟಿಕೆಟ್ ಅಂದ್ರೆ ಎಲ್ಲರೂ ಆಯ್ತು ಆಯ್ತು ಅಂತಾರೆ. ಜೋರಾಗಿ ಅನ್ನೋರನ್ನ ನಾನು ಕೇಳೋಲ್ಲ. ತುಟಿ ಅಲ್ಲಾಡಿಸಿ ಕಿಟಕಿ ಕಡೆ ತಿರುಗ್ತಾರಲ್ಲ, ಅವರ ಹತ್ರ ಹೋಗಿ ನಿಂತ್ಕೋತೀನಿ."

ಟೀಚರು ಮೂಗು ಮುರಿದು ಸಾರಿನ ಪಾತ್ರೆ ಎತ್ತಿಕೊಂಡು ಹೋದರು.

ಏಳನೇ ಗುರುವಾರ ಪಾಠದ ನಡುವೆ ಮೇಷ್ಟ್ರಿಗೆ ಕಚೇರಿಯಿಂದ ಕರೆ ಬಂತು. ನೋಟ್‌ಬುಕ್ ಬೆಂಚಿನ ಮೇಲೇ ಉಳಿಯಿತು. ಟೀಚರು ಮಕ್ಕಳಿಗೆ ನಕಲು ಬರೆಯಲು ಹೇಳಿ, ಕಿಟಕಿ ಮುಚ್ಚುವ ನೆಪದಲ್ಲಿ ಹಿಂದಕ್ಕೆ ನಡೆದು ಅದನ್ನು ಬಿಚ್ಚಿದರು.

ಅವರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಇದ್ದದ್ದು ತರಗತಿಯ ನಕ್ಷೆ. ಆರು ಬೆಂಚು, ಮೂವತ್ತಾರು ಚೌಕ, ಮಗು ಒಬ್ಬಂಟಿಯಾಗಿ ಮಾತಾಡಿದಾಗಲೆಲ್ಲ ಅದರ ಚೌಕದಲ್ಲಿ ಒಂದು ಗೀಟು. ಗಟ್ಟಿ ಗಂಟಲಿನವರ ಆರು ಚೌಕಗಳಲ್ಲಿ ಗೀಟು ಹಾಕಲು ಜಾಗವಿರಲಿಲ್ಲ. ಉಳಿದವುಗಳಲ್ಲಿ ಒಂದೋ ಎರಡೋ. ಮೂರನೇ ಬೆಂಚಿನ ಕಿಟಕಿ ಪಕ್ಕದ ಚೌಕ ಬಿಳಿಯಾಗಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರ: 'ಆರು ವಾರ. ತುಟಿ ಆಡುತ್ತದೆ. ಪಕ್ಕದವಳನ್ನು ನೋಡಿ ಪುಟ ಮಗುಚುತ್ತಾಳೆ.'

ಇಸ್ತ್ರಿ ಅಂಗಡಿಯವನ ಮಗಳು. ಮಡಿಕೆ ಕೆಡದ ಅಂಗಿ ತೊಟ್ಟು ಸದ್ದಿಲ್ಲದೆ ಕೂರುವ, ಟೀಚರು ಎಲ್ಲರಿಗೂ 'ಬಂಗಾರದಂಥ ಮಗು' ಎಂದು ತೋರಿಸುವ ಹುಡುಗಿ.

ಶುದ್ಧ ಸುಳ್ಳು ಎಂದುಕೊಂಡರು ಟೀಚರು. ನಿಂತಲ್ಲಿಂದಲೇ ಕರೆದರು. "ಏಳು ಪುಟ್ಟಿ. ಹನ್ನೆರಡನೇ ಪುಟ. ಓದು."

ಹುಡುಗಿ ಎದ್ದಳು. ಬಾಯಿ ತೆರೆದಳು. ಹಾಗೇ ಕಾದಳು. ಅಭ್ಯಾಸಬಲದಿಂದ ಇಡೀ ತರಗತಿ ಓದಲು ಶುರು ಮಾಡಿತು.

"ಶ್! ಅವಳೊಬ್ಬಳೇ."

ಸದ್ದಡಗಿದ ಮೇಲೆ ಹುಡುಗಿ ಪಟಪಟನೆ ಒಪ್ಪಿಸಿದಳು. ಒಂದೂ ತಪ್ಪಿಲ್ಲ. ಆದರೆ ಅದು ಒಂಬತ್ತನೇ ಪುಟದ ಪಾಠ. ಬೆರಳು ಮಾತ್ರ ಹನ್ನೆರಡನೇ ಪುಟದ ಸಾಲುಗಳ ಮೇಲೆ ನಿಷ್ಠೆಯಿಂದ ಜಾರುತ್ತಿತ್ತು.

ಟೀಚರು ಗೋಡೆಗೆ ಒರಗಿದರು. ಶನಿವಾರ 'ಓದು ಬರುತ್ತದೆ' ಪಟ್ಟಿ ಮೇಲಿನ ಕಚೇರಿಗೆ ಹೋಗಬೇಕಿತ್ತು. ಗುರುತಿಲ್ಲದ ಮಕ್ಕಳಿಗೆ ನಾಲ್ಕನೆಯಲ್ಲಿ ದಿನಕ್ಕೊಂದು ತಾಸು ಅಕ್ಷರ ಹೇಳಿಕೊಡುತ್ತಾರೆ. ಗುರುತು ಬಿದ್ದವರಿಗೆ ಮತ್ತೆಂದೂ ಯಾರೂ ಅಕ್ಷರ ಕಲಿಸುವುದಿಲ್ಲ. ಇವಳ ಹೆಸರಿನ ಮುಂದೆ ಸರಿ ಗುರುತು ಆಗಲೇ ಬಿದ್ದಿತ್ತು. ಹತ್ತೊಂಬತ್ತು ವರ್ಷದಲ್ಲಿ ಇಂಥ ಎಷ್ಟು ಜನಕ್ಕೆ ತಾನು ಹೀಗೆ ಬಾಗಿಲು ಮುಚ್ಚಿದ್ದೇನೆ?

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ತಮ್ಮ ನೋಟ್‌ಬುಕ್ ಟೀಚರ ಕೈಯಲ್ಲಿರುವುದನ್ನು ನೋಡಿದರು.

"ಆರು ವಾರದಿಂದ ಗೊತ್ತಿತ್ತಲ್ಲ, ಬಾಯಿಬಿಡೋಕೆ ಏನಾಗಿತ್ತು ನಿಮಗೆ?"

"ಹಿಂದಿನ ಪುಟ ತಿರುಗಿಸಿ ಟೀಚರೇ. ಅದು ನನ್ನ ತರಗತಿ."

ಅಲ್ಲಿ ಒಂಬತ್ತು ಬಿಳಿ ಚೌಕಗಳಿದ್ದವು.

"ಇದನ್ನಿಟ್ಕೊಂಡು ನಿಮಗೆ ಬುದ್ಧಿ ಹೇಳೋ ಮುಖ ನನಗೆಲ್ಲಿತ್ತು?" ಎಂದರು ಮೇಷ್ಟ್ರು. ಆ ಮಾತನ್ನೂ ಟೀಚರು ಪೂರ್ತಿ ನಂಬಲಿಲ್ಲ. ಆರು ವಾರದ ಮೌನಕ್ಕೆ ನಾಚಿಕೆ ಒಳ್ಳೆಯ ಹೊದಿಕೆ. ಆದರೆ ಹತ್ತೊಂಬತ್ತು ವರ್ಷದ ಕಿವುಡಿಗೆ ತನ್ನ ಬಳಿ ಅಂಥ ಹೊದಿಕೆಯೂ ಇಲ್ಲವಲ್ಲ ಎನಿಸಿ ನೋಟ್‌ಬುಕ್ಕನ್ನು ಮೇಷ್ಟ್ರ ಕೈಗಿಟ್ಟರು.

ಶುಕ್ರವಾರ ಮುಖ್ಯೋಪಾಧ್ಯಾಯರು ಪಟ್ಟಿ ನೋಡಿ ಕನ್ನಡಕ ತೆಗೆದರು. "ಇದೇನಮ್ಮ ಹೊಡೆದುಹಾಕಿದೀರಿ? ಒಂದು ಹೆಸರಿಗಾಗಿ ನೂರಕ್ಕೆ ನೂರು ಹೋಗುತ್ತಲ್ಲ! ಬೇಸಿಗೇಲಿ ಈ ಕುರ್ಚಿ ಬೇಕೋ ಬೇಡವೋ?"

"ಒಂದೇ ಅಲ್ಲ ಸಾರ್. ಇನ್ನೂ ಇಪ್ಪತ್ತು ಜನರನ್ನ ಒಬ್ಬೊಬ್ಬರಾಗಿ ಕೇಳೋದಿದೆ. ಸಂಜೆವರೆಗೆ ಟೈಮ್ ಕೊಡಿ."

ಮಧ್ಯಾಹ್ನ ಆಟದ ಹೊತ್ತಿನಲ್ಲಿ ಟೀಚರು ಆ ಹುಡುಗಿಯ ಪಕ್ಕ, ಅದೇ ಬೆಂಚಿನಲ್ಲಿ ಕೂತರು. ಪುಸ್ತಕ ಬಿಚ್ಚಿ ಒಂದೇ ಒಂದು ಪದವನ್ನು ಬಿಟ್ಟು ಉಳಿದುದನ್ನು ಕಾಗದದಿಂದ ಮುಚ್ಚಿದರು. ಹುಡುಗಿ ಪುಸ್ತಕವನ್ನು ನೋಡಲಿಲ್ಲ, ಟೀಚರ ಮುಖವನ್ನು ನೋಡಿದಳು. ಇದರಲ್ಲೇನೋ ಮೋಸವಿದೆ, ಕೊನೆಗೆ ಏಟು ಬೀಳುತ್ತದೆ ಎಂಬಂತೆ ಕಣ್ಣು ಸಣ್ಣಗಾಗಿತ್ತು. ಆಮೇಲೆ ಬಾಯಿ ತೆರೆದು, ಎಂದಿನಂತೆ, ಮೊದಲ ದನಿ ಟೀಚರದೇ ಬರಲಿ ಎಂದು ಕಾದಳು.

ಗಂಟೆ ಟೀಚರು ತುಟಿ ಬಿಗಿ ಹಿಡಿದು ಕೂತರು.